ನೀರಿಗಿಂತ ಮುಂದೆ ಓಡುವುದು

ಈ ಸಲ ಮಳೆ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ಕುಡಿಯುವ ನೀರಿನ ಪೈಪಿಗೆಂದು ಕಣಿ ತೋಡಲು ಬಂದ ಜೆಸಿಬಿ, ಮಣ್ಣೊಳಗಿದ್ದ ಕಪ್ಪು ಕೇಬಲೊಂದನ್ನು ಗೆಣಸಿನ ಬಳ್ಳಿ ಎಳೆದ ಹಾಗೆ ಎಳೆದು ಹಾಕಿತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಬರುವಾಗ ಗುಡ್ಡ ಇಳಿಯುವಲ್ಲಿ ನಮ್ಮ ಮನೆ. ಬೆಂಗಳೂರಿನ ಕೆಲಸವನ್ನು ಊರಿನ ಜಗಲಿಯಲ್ಲಿ ಕೂತು ಮಾಡುವವಳು ನಾನು. ಆ ಕೇಬಲು ಹೋದರೆ ನನ್ನ ದಿನವೇ ಹೋದ ಹಾಗೆ. ಎರಡು ದಿನ ಮೊಬೈಲಿನಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿಯಲು ತೋಟದ ಮೇಲಿನ ಬರೆ ಹತ್ತಿ ಇಳಿದದ್ದಾಯಿತು.

ಮೂರನೆಯ ದಿನ ಮಧ್ಯಾಹ್ನ ಸ್ಕೂಟರಿನಲ್ಲಿ ಒಬ್ಬ ಹುಡುಗ ಬಂದ. ಮುರಕಲ್ಲಿನ ಕಟ್ಟೆಯ ಮೇಲೆ ಗೋಣಿ ಹಾಸಿ, ಕೊಡೆ ಬಿಚ್ಚಿ ನೆರಳು ಮಾಡಿಕೊಂಡು, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಎದುರಿಗಿಟ್ಟ. ಫೈಬರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸುಲಿದ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದ. ಸಣ್ಣ ಕತ್ತರಿಸುವ ಸಾಧನದಲ್ಲಿಟ್ಟು ಒತ್ತಿದಾಗ ಟಿಕ್ ಎಂದು ತುದಿ ಮುರಿಯಿತು. ಆ ಗಾಜಿನ ಎಳೆ ಕೂದಲಿಗಿಂತ ಸ್ವಲ್ಪ ದಪ್ಪ, 125 ಮೈಕ್ರಾನ್. ಅದರ ನಡುವೆ ಬೆಳಕು ಓಡುವ ದಾರಿ ಬರೀ 9 ಮೈಕ್ರಾನ್. ಯಂತ್ರದ ಪರದೆಯಲ್ಲಿ ಎರಡು ತುದಿಗಳೂ ದೇವಸ್ಥಾನದ ಕಂಬಗಳಷ್ಟು ದಪ್ಪವಾಗಿ ಕಂಡವು, ಅವೇ ಮೆಲ್ಲಗೆ ಹತ್ತಿರ ಸರಿದು ಎದುರುಬದುರು ನಿಂತವು, ಒಂದು ನೀಲಿ ಕಿಡಿ. ಎರಡು ಕಂಬ ಒಂದಾಯಿತು. ಕೆಳಗೆ ನಷ್ಟ 0.02 ಡಿಬಿ ಎಂದು ಬರೆದು ಬಂತು. ಡಿಬಿ ಅಂದರೆ ಡೆಸಿಬೆಲ್, ಬೆಳಕು ಎಷ್ಟು ಕುಂದಿತು ಎನ್ನುವುದರ ಅಳತೆ. ಒಂದು ಕಿಲೋಮೀಟರ್ ಫೈಬರಿನಲ್ಲಿ ಆಗುವ ನಷ್ಟವೇ 0.2 ಡಿಬಿ. ಅಂದರೆ ಈ ಬೆಸುಗೆ ಬೆಳಕಿಗೆ ಇನ್ನೊಂದು 100 ಮೀಟರ್ ನಡೆಸಿದಷ್ಟೇ ಭಾರ. ನಾನು ಬಗ್ಗಿ ನೋಡಿದೆ.

"ಅಕ್ಕ, ತುದಿಗೆ ಕಣ್ಣು ಇಡ್ಬೇಡಿ. ಕಾಣುದಿಲ್ಲ, ಆದ್ರೆ ಉಂಟು" ಅಂದ.

ಹೌದು. ಆ ಬೆಳಕು ಇನ್‌ಫ್ರಾರೆಡ್, ಕಣ್ಣಿಗೆ ಸಿಗುವಂಥದ್ದಲ್ಲ. ಅವನು ಹಾಗೆ ಹೇಳಿದಾಗ ನನಗೆ ನಗು ಬಂತು. ಯಾಕೆಂದರೆ ಎಂ.ಟೆಕ್.ನಲ್ಲಿ ಎರಡು ವರ್ಷ ನಾನು ಬರೆದದ್ದು ಇದೇ ಬೆಳಕಿನ ಬಗ್ಗೆ. ಬೆಳಕನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ವೇಗದ ಆಪ್ಟಿಕಲ್ ಸ್ವಿಚ್ಚುಗಳು ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲವು ಎಂದು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ಲೆಕ್ಕ ಹಾಕುವುದು ನನ್ನ ಪ್ರಬಂಧ. ಆ ಎರಡು ವರ್ಷದಲ್ಲಿ ಒಂದು ದಿನವೂ ಫೈಬರಿನ ಒಂದು ತುಂಡನ್ನು ನಾನು ಕೈಯಲ್ಲಿ ಹಿಡಿದಿರಲಿಲ್ಲ.

ಪ್ರಯೋಗಾಲಯದಲ್ಲಿ ಅಂಥ ಸ್ವಿಚ್ ಇರಲಿಲ್ಲ ಎನ್ನುವುದು ಒಂದು ಕಾರಣ. ಇದ್ದಿದ್ದರೂ 16 ಬಾಗಿಲು, ಪ್ರತಿ ಬಾಗಿಲಿಗೂ 8 ಬಣ್ಣದ ಬೆಳಕು, ಎಲ್ಲದರ ಮೇಲೂ ಸೆಕೆಂಡಿಗೆ 10 ಗಿಗಾಬಿಟ್ ಹರಿಸಿ ನೋಡುವಷ್ಟು ಸಾಮಾನು ನಮ್ಮಂಥ ಕಾಲೇಜಿಗೆ ದಕ್ಕುವಂಥದ್ದಲ್ಲ. ಇದ್ದದ್ದು ಒಂದು ಹಳೆಯ ಕಂಪ್ಯೂಟರು, ಒಂದು ಯುಪಿಎಸ್, ರಾತ್ರಿ ಬೀಗ ಹಾಕುವ ಅಣ್ಣನ ಜೊತೆಗಿನ ಸ್ನೇಹ.

ಸಮಸ್ಯೆ ಏನು ಎಂದು ಮನೆಯಲ್ಲಿ ಅಪ್ಪನಿಗೆ ವಿವರಿಸಲು ಹೋಗಿ ನನಗೇ ಅದು ಮೊದಲ ಬಾರಿಗೆ ಸರಿಯಾಗಿ ಅರ್ಥವಾದದ್ದು. ಅದಕ್ಕೆ ನಮ್ಮ ತೋಟವೇ ಬೇಕಾಯಿತು.

ನಮ್ಮ ಕಡೆ ಗುಡ್ಡ ಕೊರೆದು ಸುರಂಗ ತೋಡುತ್ತಾರೆ, ಆಳಕ್ಕಲ್ಲ, ಅಡ್ಡಕ್ಕೆ. ಮುರಕಲ್ಲಿನೊಳಗೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ. ಕೊನೆಯಲ್ಲಿ ಒಸರು ಸಿಕ್ಕಿದರೆ ಆ ನೀರು ತಾನೇ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ನಮ್ಮ ಸುರಂಗದ ನೀರು ಕಿರುಬೆರಳಿನ ಗಾತ್ರ. ಅದನ್ನು ರಾತ್ರಿಯಿಡೀ ಸಣ್ಣ ಕೆರೆಯೊಂದರಲ್ಲಿ ತುಂಬಿಸಿ ಬೆಳಗ್ಗೆ ಅಡಿಕೆ ತೋಟಕ್ಕೆ ಬಿಡುವುದು. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು, ಕಣಿ ಸೇರಿ, ಸಾಲಿನಿಂದ ಸಾಲಿಗೆ ನೀರು ಹೋಗಬೇಕು. ಎಲ್ಲಿ ಯಾವ ಕಡೆಗೆ ತಿರುಗಬೇಕೋ ಅಲ್ಲಿ ಒಂದು ಹಿಡಿ ಮಣ್ಣಿನ ಒಡ್ಡು. ಕೆರೆಯ ತೂಬು ತೆಗೆದು ಅಪ್ಪ ಕೂಗುತ್ತಿದ್ದರು, "ನೀರು ಬತ್ತಾ ಇದ್ದು, ಓಡು ಕೂಸೇ!" ನೀರು ಬರುತ್ತಾ ಇದೆ ಎಂದು. ನಾನು ಗುಡ್ಡ ಇಳಿದು ಓಡಬೇಕು. ನೀರು ಮುಟ್ಟುವ ಮೊದಲೇ ಒಡ್ಡು ಕಡಿದು ದಾರಿ ಮಾಡಿರಬೇಕು. ತಡವಾದರೆ ನೀರು ನನಗಾಗಿ ನಿಲ್ಲುವುದಿಲ್ಲ, ತೋಟದ ಹೊರಗೆ ತೋಡಿಗೆ ಹೋಯಿತೆಂದರೆ ಹೋಯಿತು. ಮೇಲಿನಿಂದ "ಬಂತೋ?" ಎಂದು ಅಪ್ಪನ ಕೂಗು. ಕೆಳಗಿನಿಂದ ನನ್ನ "ಬಂತು!" ಅಥವಾ "ಬೈಂದಿಲ್ಲೆ!", ಅಂದರೆ ಬಂದಿಲ್ಲ.

ಈಗಿನ ಇಂಟರ್ನೆಟ್ಟಿನಲ್ಲಿ ಪ್ರತಿ ಕವಲಿನಲ್ಲೂ ಒಂದೊಂದು ಕೆರೆ ಉಂಟು. ಫೈಬರಿನಲ್ಲಿ ಬಂದ ಬೆಳಕನ್ನು ರೌಟರ್ ವಿದ್ಯುತ್ತಿಗೆ ತಿರುಗಿಸುತ್ತದೆ, ಮೆಮೊರಿಯಲ್ಲಿ ಇಡುತ್ತದೆ, ವಿಳಾಸ ಓದುತ್ತದೆ, ಹೊರಗಿನ ದಾರಿ ಬಿಡುವಾದಾಗ ಮತ್ತೆ ಬೆಳಕು ಮಾಡಿ ಕಳಿಸುತ್ತದೆ. ಈ ತಿರುಗಿಸುವ ಕೆಲಸಕ್ಕೆ ಕರೆಂಟು ಬೇಕು, ಕಾವು ಏರುತ್ತದೆ, ವೇಗಕ್ಕೂ ಒಂದು ಮಿತಿ. ಹಾಗಾದರೆ ಬೆಳಕನ್ನು ಬೆಳಕಾಗಿಯೇ ತಿರುಗಿಸಿಬಿಟ್ಟರೇನು? ಆಪ್ಟಿಕಲ್ ಸ್ವಿಚ್ಚಿಂಗ್ ಅಂದರೆ ಅದೇ. ತೊಡಕು ಒಂದೇ: ಬೆಳಕಿಗೆ ಕೆರೆ ಇಲ್ಲ. ಬೆಳಕನ್ನು ತುಂಬಿಸಿಟ್ಟು ಬೇಕೆಂದಾಗ ತೂಬು ತೆಗೆಯುವಂಥ ಮೆಮೊರಿ ಚಿಪ್ ಯಾರ ಕೈಯಲ್ಲೂ ಇಲ್ಲ. ಇರುವುದು ದಂಬೆ ಮಾತ್ರ. ತಡ ಮಾಡಬೇಕಾದರೆ ದಂಬೆಯನ್ನು ಗುಡ್ಡಕ್ಕೆ ಒಂದು ಸುತ್ತು ಜಾಸ್ತಿ ಹಾಕಿಸಿ ತರಬೇಕು.

ಆ ಸುತ್ತಿನ ಲೆಕ್ಕ ನೋಡಿ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್. ಇಂಟರ್ನೆಟ್ಟಿನಲ್ಲಿ ಮಾಹಿತಿ ಹೋಗುವುದು ಪ್ಯಾಕೆಟ್ ಎನ್ನುವ ಸಣ್ಣ ಕಟ್ಟುಗಳಲ್ಲಿ. 1500 ಬೈಟಿನ ಒಂದು ಪ್ಯಾಕೆಟ್ ಅಂದರೆ 12,000 ಬಿಟ್. 10 ಗಿಗಾಬಿಟ್ ವೇಗದಲ್ಲಿ ಅದರ ಉದ್ದ 1.2 ಮೈಕ್ರೋಸೆಕೆಂಡ್. ಅಂಥ ಒಂದೇ ಒಂದು ಪ್ಯಾಕೆಟ್ಟನ್ನು ಅದರ ಉದ್ದದಷ್ಟು ಹೊತ್ತು ತಡೆದು ನಿಲ್ಲಿಸಲು 240 ಮೀಟರ್ ಫೈಬರ್ ಸುತ್ತಿಡಬೇಕು. ಕಾಲು ಮಿಲಿಸೆಕೆಂಡ್ ನಿಲ್ಲಿಸಬೇಕೆಂದರೆ 50 ಕಿಲೋಮೀಟರ್, ಹೆಚ್ಚುಕಡಿಮೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವಷ್ಟು ಉದ್ದ. ಅಷ್ಟು ಮಾಡಿದರೂ ಅದು ಕೆರೆಯಲ್ಲ. ಸುತ್ತಿನೊಳಗೆ ಹೊಕ್ಕ ಬೆಳಕು ನೀವು ಬೇಕೆಂದಾಗ ಬರುವುದಿಲ್ಲ, ತನ್ನ ಹೊತ್ತಿಗೆ ಸರಿಯಾಗಿ ಬಂದೇ ಬಿಡುತ್ತದೆ.

ಅದಕ್ಕೇ ನೀರಿಗಿಂತ ಮುಂದೆ ಓಡುವ ಕೂಸು ಬೇಕಾಗುವುದು. 1999ರಲ್ಲಿ ಚುನ್‌ಮಿಂಗ್ ಚಿಯಾವೊ ಮತ್ತು ಮ್ಯುಂಗ್‌ಸಿಕ್ ಯೂ ಎಂಬ ಸಂಶೋಧಕರು ಆಪ್ಟಿಕಲ್ ಬರ್ಸ್ಟ್ ಸ್ವಿಚ್ಚಿಂಗ್ ಬಗ್ಗೆ ಬರೆದದ್ದು ಹೆಚ್ಚುಕಡಿಮೆ ಇದನ್ನೇ. ಒಂದೇ ಕಡೆಗೆ ಹೋಗುವ ಪ್ಯಾಕೆಟ್ಟುಗಳನ್ನು ಒಟ್ಟು ಮಾಡಿ ದೊಡ್ಡದೊಂದು ಬರ್ಸ್ಟ್ ಕಟ್ಟುವುದು. ಅದನ್ನು ಬಿಡುವ ಮೊದಲು ಪುಟ್ಟ ಸಂದೇಶವೊಂದನ್ನು ಬೇರೆ ಬಣ್ಣದ ಬೆಳಕಿನಲ್ಲಿ ಮುಂದೆ ಕಳಿಸುವುದು. ಆ ಸಂದೇಶ ಮಾತ್ರ ಪ್ರತಿ ಕವಲಿನಲ್ಲೂ ವಿದ್ಯುತ್ತಾಗಿ ಬದಲಾಗಿ, "ಇಷ್ಟು ಹೊತ್ತಿನ ನಂತರ, ಇಷ್ಟು ಉದ್ದದ ಬರ್ಸ್ಟ್ ಬರುತ್ತದೆ, ದಾರಿ ತೆರೆದಿಡು" ಎಂದು ಹೇಳಿ ಓಡುತ್ತದೆ. ಹಿಂದಿನಿಂದ ಬೆಳಕು ಎಲ್ಲೂ ನಿಲ್ಲದೆ ಬರುತ್ತದೆ. ಮುಂದೆ ಓಡುವವಳು ಪ್ರತಿ ಒಡ್ಡಿನಲ್ಲೂ ಸ್ವಲ್ಪ ಹೊತ್ತು ಕಳೆಯುತ್ತಾಳಲ್ಲ, ಆದ್ದರಿಂದ ಹೊರಡುವಾಗಲೇ ಸಾಕಷ್ಟು ಮುಂಗಡ ಸಮಯ ಕೊಟ್ಟು ಕಳಿಸಬೇಕು. ಆ ಪದ್ಧತಿಯ ಹೆಸರೇ 'ಜಸ್ಟ್ ಎನಫ್ ಟೈಮ್'. ನಾನು ಅದನ್ನು ಎಂಟನೇ ವಯಸ್ಸಿನಲ್ಲಿ ಹವಾಯಿ ಚಪ್ಪಲಿ ಕಿತ್ತುಕೊಂಡು ಕಲಿತಿದ್ದೆ.

ಒಡ್ಡು ಕಡಿಯುವುದಕ್ಕೂ ಹೊತ್ತು ಬೇಕು. ಸಣ್ಣ ಕನ್ನಡಿಗಳನ್ನು ಹೊರಳಿಸುವ ಮೆಮ್ಸ್ ಸ್ವಿಚ್ಚಿಗೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ 10 ಗಿಗಾಬಿಟ್ ದಾರಿಯಲ್ಲಿ 1 ಕೋಟಿ ಬಿಟ್ ಹರಿದು ಹೋಗಿರುತ್ತದೆ. ಸೆಮಿಕಂಡಕ್ಟರ್ ಆಂಪ್ಲಿಫೈಯರನ್ನೇ ಬಾಗಿಲಾಗಿ ಬಳಸುವ ಸ್ವಿಚ್ಚು ನ್ಯಾನೋಸೆಕೆಂಡುಗಳಲ್ಲಿ ತೆರೆದು ಮುಚ್ಚುತ್ತದೆ, ಆದರೆ ಬೆಳಕಿಗೆ ತನ್ನದೇ ಗದ್ದಲವನ್ನೂ ಸೇರಿಸುತ್ತದೆ. ಕನ್ನಡಿ ನಿಧಾನ, ಚೊಕ್ಕ. ಇನ್ನೊಂದು ಚುರುಕು, ಕೊಂಚ ಕೊಳಕು. ಸಂಸಾರದಲ್ಲೂ ಇಂಥವರಿದ್ದಾರೆ, ಬಿಡಿ.

ಕೆರೆ ಇಲ್ಲದ ತೋಟದಲ್ಲಿ ಎಷ್ಟು ನೀರು ಪೋಲಾಗುತ್ತದೆ? ಇದರ ಉತ್ತರದ ಒಂದು ತುದಿ ಫೈಬರಿಗಿಂತ ಎಷ್ಟೋ ಹಿಂದಿನದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಎ. ಕೆ. ಅರ್ಲಾಂಗ್ 1917ರಲ್ಲಿ ಬರೆದ ಸೂತ್ರ ಅದು. ಇಷ್ಟು ಲೈನು, ಇಷ್ಟು ಕರೆ ಅಂದರೆ ಎಷ್ಟು ಪಾಲು ಕರೆಗೆ ಲೈನು ಸಿಗುವುದಿಲ್ಲ? ಚಿಕ್ಕಂದಿನಲ್ಲಿ ಮಂಗಳೂರಿನ ದೊಡ್ಡಮ್ಮನಿಗೆ ಫೋನು ತಿರುಗಿಸಿದರೆ ಒಬ್ಬಾಕೆ ಮಲಯಾಳದಲ್ಲಿ ಹೇಳುತ್ತಿದ್ದಳು, ಲೈನುಗಳೆಲ್ಲ 'ತಿರಕ್ಕಿಲಾಣ್'. ನಾನು ಕಲಿತ ಮೊದಲ ಮಲಯಾಳ ಶಬ್ದಗಳಲ್ಲಿ ಅದೂ ಒಂದು. ಅದರ ಅರ್ಥ ಗಡಿಬಿಡಿ, ನೂಕುನುಗ್ಗಲು. ಆ ಧ್ವನಿಯ ಹಿಂದೆ ಅರ್ಲಾಂಗನ ಸೂತ್ರ ಇದೆ ಎಂದು ತಿಳಿದದ್ದು ಎಂ.ಟೆಕ್.ಗೆ ಬಂದ ಮೇಲೆ.

ಆ ಸೂತ್ರಕ್ಕೆ ನಮ್ಮ ಸ್ವಿಚ್ಚಿನ ಅಂಕಿ ಹಾಕಿ. ಹೊರದಾರಿಯಲ್ಲಿ ಒಂದೇ ಬಣ್ಣದ ಬೆಳಕು, ಹೊರೆ ಶೇ. 60. ಬಂದ ಪ್ಯಾಕೆಟ್ಟುಗಳಲ್ಲಿ ಶೇ. 37.5ರಷ್ಟು ದಾರಿ ಸಿಗದೆ ಬಿದ್ದು ಹೋಗುತ್ತವೆ. ಅದೇ ಹೊರದಾರಿಯಲ್ಲಿ 8 ಬಣ್ಣ, ಒಂದೊಂದಕ್ಕೂ ಅದೇ ಶೇ. 60ರ ಹೊರೆ, ಬಂದ ಬೆಳಕನ್ನು ಬಿಡುವಿರುವ ಯಾವ ಬಣ್ಣಕ್ಕಾದರೂ ಬದಲಾಯಿಸುವ ಸೌಕರ್ಯ ಉಂಟು ಎಂದಿಟ್ಟುಕೊಳ್ಳಿ. ನಷ್ಟ ಶೇ. 6ರ ಹತ್ತಿರಕ್ಕೆ ಇಳಿಯುತ್ತದೆ. 32 ಬಣ್ಣವಾದರೆ ಶೇ. 0.2. ಪ್ರತಿ ಬಣ್ಣದ ಮೇಲಿನ ಹೊರೆ ಒಂದಿಷ್ಟೂ ಕಡಿಮೆಯಾಗಿಲ್ಲ. ಬರೀ ಎಲ್ಲರೂ ಒಂದೇ ಸಾಲಿಗೆ ಬಂದದ್ದರಿಂದ ಇಷ್ಟು ವ್ಯತ್ಯಾಸ. ನನಗೆ ಈ ಮೂರು ಅಂಕಿಗಳು ಇವತ್ತಿಗೂ ಬೆರಗು. ಬೆಳಕಿನ ಬಣ್ಣ ಬದಲಾಯಿಸುವ ಸಾಧನ ದುಬಾರಿ ಎನ್ನುವುದು ಬೇರೆ ಮಾತು.

ಸೂತ್ರವೇ ಇರುವಾಗ ಸಿಮ್ಯುಲೇಶನ್ ಯಾಕೆ ಎಂದರೆ, ಸೂತ್ರ ಸಾಧು ಸ್ವಭಾವದ್ದು. ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಅದು ನಂಬುತ್ತದೆ. ಇಂಟರ್ನೆಟ್ಟಿನ ದಟ್ಟಣೆ ಹಾಗಲ್ಲ ಎಂದು 1990ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನಲ್ಲಿ ಈಥರ್ನೆಟ್ ಎನ್ನುವ ಕಂಪ್ಯೂಟರ್ ಜಾಲದ ದಟ್ಟಣೆ ಅಳೆದವರು ತೋರಿಸಿದರು. ಸೆಕೆಂಡಿನಲ್ಲಿ ನೋಡಿದರೂ ನಿಮಿಷದಲ್ಲಿ ನೋಡಿದರೂ ಅದು ಒಂದೇ ಥರ ಉಬ್ಬು ತಗ್ಗು. ನಮ್ಮ ಜೂನ್ ತಿಂಗಳ ಮಳೆಯ ಹಾಗೆ: ಬಿಟ್ಟರೆ ಬಿಟ್ಟಿತು, ಹಿಡಿದರೆ ಮೂರು ದಿನ ಬಿಡುವುದಿಲ್ಲ. ಅದರ ಮೇಲೆ ಮುಂಗಡ ಸಮಯ, ಸ್ವಿಚ್ ತಿರುಗುವ ಹೊತ್ತು, ತಡ ಮಾಡುವ ಸುತ್ತುಗಳು. ಇದೆಲ್ಲ ಸೇರಿದರೆ ಕಾಗದದ ಲೆಕ್ಕ ಕೈಕೊಡುತ್ತದೆ.

ಹಾಗಾಗಿ ಕಂಪ್ಯೂಟರಿನೊಳಗೆ ಒಂದು ಸ್ವಿಚ್ ಕಟ್ಟಿದೆ. ಸಿ ಭಾಷೆಯಲ್ಲಿ, ಕೈಯಾರೆ. ಒಎಂನೆಟ್‌++ನಂಥ ಸಿದ್ಧ ಸಿಮ್ಯುಲೇಟರ್ ಇತ್ತು, ಆದರೆ ಎಲ್ಲ ನನಗೇ ಬರುತ್ತದೆ ಎನ್ನುವ ವಯಸ್ಸು ಅದು. ಇಂಥ ಪ್ರೋಗ್ರಾಮಿನ ಜೀವ ಒಂದು ಪಟ್ಟಿಯಲ್ಲಿರುತ್ತದೆ. ಮುಂದೆ ಆಗಬೇಕಾದ ಘಟನೆಗಳನ್ನು ಸಮಯದ ಪ್ರಕಾರ ಜೋಡಿಸಿಟ್ಟ ಪಟ್ಟಿ. ಮೊದಲನೆಯದನ್ನು ತೆಗೆ, ಗಡಿಯಾರವನ್ನು ಅಲ್ಲಿಗೆ ಜಿಗಿಸು, ಆಗಬೇಕಾದದ್ದು ಮಾಡು, ಅದರಿಂದ ಹುಟ್ಟುವ ಹೊಸ ಘಟನೆಗಳನ್ನು ಪಟ್ಟಿಗೆ ಸೇರಿಸು. ಎರಡು ಘಟನೆಗಳ ನಡುವಿನ ಕಾಲ ಅಲ್ಲಿ ಇರುವುದೇ ಇಲ್ಲ. ಅಲ್ಲಿ ಬೆಳಕೂ ಕಾಯುತ್ತದೆ, ನಾನು ಚಾ ಕುಡಿದು ಬರುವವರೆಗೆ ಬೇಕಾದರೂ. ಎಷ್ಟು ಸುಖ ಅನಿಸಿತ್ತು.

ಮೊದಲ ಸಲ ಓಡಿಸಿದಾಗ, ಹೊರೆ ಕಡಿಮೆ ಇಟ್ಟಿದ್ದೆ, 1 ಲಕ್ಷ ಪ್ಯಾಕೆಟ್ಟಿನಲ್ಲಿ ಒಂದೂ ಬೀಳಲಿಲ್ಲ. ಕುಣಿಯುತ್ತಾ ಹೋಗಿ ನನ್ನ ಗೈಡ್ ಸರ್‌ಗೆ ತೋರಿಸಿದೆ. ಅವರು ತಲೆ ಎತ್ತದೆ ಅಂದರು, "ಒಂದು ಲಕ್ಷದಲ್ಲಿ ಒಂದೂ ಬೀಳಲಿಲ್ಲ ಅಂದರೆ, ಲಕ್ಷಕ್ಕೆ ಮೂರಕ್ಕಿಂತ ಹೆಚ್ಚು ಬೀಳಲಿಕ್ಕಿಲ್ಲ ಅಂತ ಮಾತ್ರ ಅರ್ಥ. ನೂರಕ್ಕೆ ತೊಂಬತ್ತೈದು ಪಾಲು ಭರವಸೆಯಲ್ಲಿ." ನೂರು ಕೋಟಿಗೆ ಒಂದು ಬೀಳುವ ಸ್ವಿಚ್ಚು ಎಂದು ಹೇಳಬೇಕಾದರೆ, ಕನಿಷ್ಠ ನೂರು ಬೀಳುವವರೆಗಾದರೂ ಓಡಿಸಬೇಡವೇ? ಸೆಕೆಂಡಿಗೆ ಲಕ್ಷ ಪ್ಯಾಕೆಟ್ ಎಣಿಸುವ ಕಂಪ್ಯೂಟರಿನಲ್ಲಿ ಅದಕ್ಕೆ ಹನ್ನೊಂದೂವರೆ ದಿನ ಬೇಕು. ಹಾಸ್ಟೆಲಿನ ಕರೆಂಟು ಹನ್ನೊಂದು ಗಂಟೆ ಹೋಗದೆ ಉಳಿದರೆ ದೊಡ್ಡದು.

ಸರಿ, ಹೊರೆ ಏರಿಸಿ, ರಾತ್ರಿಯಿಡೀ ಓಡಿಸತೊಡಗಿದೆ. ಅಲ್ಲಿಂದ ಶುರುವಾಯಿತು ನನ್ನ ಕಷ್ಟಕಾಲ. ಸಿಮ್ಯುಲೇಶನ್ನಿನೊಳಗಿನ ಗಡಿಯಾರ 4 ಸೆಕೆಂಡು ಮುಟ್ಟುವವರೆಗೆ ನಷ್ಟದ ಗೆರೆ ಅರ್ಲಾಂಗ್ ಹೇಳಿದ ಕಡೆಗೇ ನೆಟ್ಟಗೆ ಇರುತ್ತಿತ್ತು. 4 ದಾಟಿದ ಕೂಡಲೇ ಮೆಟ್ಟಿಲು ಹತ್ತಿದ ಹಾಗೆ ಮೇಲೆ. 8 ದಾಟಿದರೆ ಧೊಪ್ಪನೆ ಕೆಳಗೆ. ಯಾದೃಚ್ಛಿಕ ಸಂಖ್ಯೆಗಳ ಬೀಜ ಬದಲಾಯಿಸಿದೆ, ಹೊರೆ ಬದಲಾಯಿಸಿದೆ, ಬಾಗಿಲುಗಳ ಸಂಖ್ಯೆ ಬದಲಾಯಿಸಿದೆ. ಮೆಟ್ಟಿಲು ಅಲ್ಲಲ್ಲೇ. ಒಂದು ತಿಂಗಳು ಇದಕ್ಕೆ ಅರ್ಥ ಕಟ್ಟಿದೆ. ದಟ್ಟಣೆಯಲ್ಲಿ ಏನೋ ಅಲೆ ಏಳುತ್ತಿದೆ ಎಂದು ಎರಡು ಪುಟ ವಿವರಣೆ ಕೂಡ ಬರೆದಿದ್ದೆ, ಸೊಗಸಾಗಿಯೇ ಬರೆದಿದ್ದೆ. ಅದನ್ನು ಓದಿ ಸರ್ ಕೇಳಿದ್ದು ಒಂದೇ ಮಾತು: "ಯಾಕೆ ನಾಲ್ಕು? ಯಾಕೆ ಎಂಟು?"

ಆ ರಾತ್ರಿ ಪ್ರತಿ ಘಟನೆಯ ಸಮಯವನ್ನೂ ಒಂಬತ್ತು ದಶಮಾಂಶದವರೆಗೆ ಪರದೆಯ ಮೇಲೆ ಬರೆಸಿ ನೋಡಿದೆ. 8.000000954. 8.000001907. ಮತ್ತೆ 8.000001907. 8.000002861. ಆಮೇಲಿನವೂ ಇದೇ 0.000000954ರ ಹೆಜ್ಜೆ ಹಿಡಿದವೇ. ಯಾದೃಚ್ಛಿಕವಾಗಿ ಬರಬೇಕಾದ ಪ್ಯಾಕೆಟ್ಟುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ, ಗೆರೆಯ ಮೇಲೆ ಮಾತ್ರ ಕಾಲಿಟ್ಟು ಬರುತ್ತಿದ್ದವು!

ಸಮಯವನ್ನು ನಾನು ಫ್ಲೋಟ್ ಆಗಿ ಇಟ್ಟಿದ್ದೆ, ಅಂದರೆ ಕಂಪ್ಯೂಟರು ದಶಮಾಂಶ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಒಂದು ಬಗೆ, 32 ಬಿಟ್ಟಿನದ್ದು. ಅದಕ್ಕೆ ನೆನಪಿರುವುದು ಸುಮಾರು ಏಳು ಅಂಕೆ. ಸಂಖ್ಯೆ ಸಣ್ಣದಿದ್ದಾಗ ಆ ಏಳು ಅಂಕೆ ಪುಷ್ಕಳ. ಸಂಖ್ಯೆ ದೊಡ್ಡದಾದಂತೆ ಅಳತೆಪಟ್ಟಿಯ ಗೆರೆಗಳು ದೂರ ದೂರ ಸರಿಯುತ್ತವೆ, ಪ್ರತಿ ಸಲ ಇಮ್ಮಡಿಯಾದಾಗ ಒಮ್ಮೆ: 1ರಲ್ಲಿ, 2ರಲ್ಲಿ, 4ರಲ್ಲಿ, 8ರಲ್ಲಿ. 4 ಸೆಕೆಂಡಿನ ನಂತರ ಗೆರೆಯಿಂದ ಗೆರೆಗೆ 0.477 ಮೈಕ್ರೋಸೆಕೆಂಡ್. 1.2 ಮೈಕ್ರೋಸೆಕೆಂಡಿನ ಪ್ಯಾಕೆಟ್ ಅಲ್ಲಿ ಎರಡೂವರೆ ಗೆರೆಗಿಂತ ಕೂದಲೆಳೆಯಷ್ಟು ಜಾಸ್ತಿ, ಹಾಗಾಗಿ ಮೂರಕ್ಕೆ ಏರಿ 1.43 ಆಗುತ್ತದೆ. ಉಬ್ಬಿದ ಪ್ಯಾಕೆಟ್ಟುಗಳು ಒಂದಕ್ಕೊಂದು ಢಿಕ್ಕಿ. 8ರ ನಂತರ ಗೆರೆಯ ಅಂತರ 0.954. ಅದೇ ಪ್ಯಾಕೆಟ್ ಒಂದೇ ಗೆರೆಗೆ ಕುಗ್ಗುತ್ತದೆ. ಬಡಕಲು ಪ್ಯಾಕೆಟ್ಟುಗಳು ಸಲೀಸಾಗಿ ನುಸುಳುತ್ತವೆ. ನಾನು ಹುಷಾರಾಗಿ ನಡುವೆ ಇಟ್ಟಿದ್ದ 5 ನ್ಯಾನೋಸೆಕೆಂಡಿನ ರಕ್ಷಣಾ ಅಂತರ ಮೊದಲ ಸೆಕೆಂಡು ಮುಗಿಯುವ ಮೊದಲೇ ಮಾಯವಾಗಿತ್ತು. ಒಂದು ಪ್ಯಾಕೆಟ್ ಹೋಗುವುದೂ ಇನ್ನೊಂದು ಬರುವುದೂ ಒಂದೇ ಗೆರೆಯ ಮೇಲೆ ಬಿದ್ದಾಗ ಯಾವುದು ಮೊದಲು ಎನ್ನುವುದು ಪಟ್ಟಿಯ ಮರ್ಜಿ.

ಗುಣವಾದದ್ದು ಒಂದು ಸಾಲಿನಲ್ಲಿ. ಸಮಯವನ್ನು ಪಿಕೋಸೆಕೆಂಡುಗಳಲ್ಲಿ, 64 ಬಿಟ್ಟಿನ ಪೂರ್ಣಾಂಕವಾಗಿ ಎಣಿಸುವುದು. ಹಾಗೆ ಎಣಿಸಿದರೆ 106 ದಿನಗಳವರೆಗೆ ಒಂದು ಪಿಕೋಸೆಕೆಂಡೂ ತಪ್ಪುವುದಿಲ್ಲ. ಸಿದ್ಧ ಸಿಮ್ಯುಲೇಟರಿನವರು ಇದನ್ನು ಮೊದಲೇ ಕಂಡುಕೊಂಡಿದ್ದರು ಎಂದು ಆಮೇಲೆ ನೋಡಿದೆ, ಸ್ವಲ್ಪ ನಾಚಿಕೆಯೂ ಆಯಿತು. ಬೆಳಕು ಕಾಯುವುದಿಲ್ಲ ಎನ್ನುವುದರ ಬಗ್ಗೆ ಒಂದು ಅಧ್ಯಾಯ ಬರೆದವಳು, ಗಡಿಯಾರ ಸರಿ ಉಂಟಾ ಎಂದು ನೋಡಿರಲಿಲ್ಲ. ಆ ಎರಡು ಪುಟದ ಸೊಗಸಾದ ವಿವರಣೆಯನ್ನು ಹರಿದು ಹಾಕಲು ಮನಸ್ಸು ಬರಲಿಲ್ಲ, ಈಗಲೂ ಒಂದು ಫೈಲಿನಲ್ಲಿ ಇದೆ. ಅದರಲ್ಲಿ ಒಂದು ವಾಕ್ಯವೂ ಅನುಮಾನ ಬರುವಂತಿಲ್ಲ. ಅದೇ ನನ್ನನ್ನು ಇವತ್ತಿಗೂ ಹೆದರಿಸುವುದು.

ಬರ್ಸ್ಟ್ ಸ್ವಿಚ್ಚಿಂಗ್ ಬಹುಪಾಲು ಪ್ರಬಂಧಗಳಲ್ಲೇ ಉಳಿಯಿತು. ಎಲೆಕ್ಟ್ರಾನಿಕ್ ಚಿಪ್ಪುಗಳು ವರ್ಷದಿಂದ ವರ್ಷಕ್ಕೆ ವೇಗವಾದವು, ಕೆರೆ ತೋಡುವುದು ಅಗ್ಗವಾಯಿತು, ಕೂಸನ್ನು ಓಡಿಸುವ ಅಗತ್ಯ ಬೀಳಲಿಲ್ಲ. ಗೆದ್ದದ್ದು ನಿಧಾನದ ಕನ್ನಡಿಯೇ. ಗೂಗಲ್ ತನ್ನ ಡೇಟಾ ಸೆಂಟರುಗಳಲ್ಲಿ 136 ಒಳದಾರಿ, 136 ಹೊರದಾರಿಯ ಕನ್ನಡಿ ಸ್ವಿಚ್ಚುಗಳನ್ನು ಬಳಸುತ್ತಿರುವುದಾಗಿ 2022ರಲ್ಲಿ ಬರೆದುಕೊಂಡಿತು. ಅಲ್ಲಿ ಪ್ಯಾಕೆಟ್ಟಿಗೊಮ್ಮೆ ಒಡ್ಡು ಕಡಿಯುವುದಿಲ್ಲ, ಒಮ್ಮೆ ತಿರುಗಿಸಿದರೆ ಬಹಳ ಹೊತ್ತು ಹಾಗೇ. ಚುರುಕಿನವರ ಪರ ವಾದಿಸಿದವಳಿಗೆ ಇದರಿಂದ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಆದರೆ ಆ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಹುಡುಗ ಬೆಸುಗೆಗೆ ಕೊಳವೆ ತೊಡಿಸಿ ಕಾಯಿಸುವುದನ್ನು ನೋಡುವಾಗ ಹೊಳೆಯಿತು, ನಮ್ಮ ಮನೆಗೇ ಬರ್ಸ್ಟ್ ಬಂದಿದೆಯಲ್ಲ! ಇಲ್ಲಿಯ ಒಂದು ಫೈಬರನ್ನು ಕಂಬದ ಮೇಲಿನ ಡಬ್ಬಿ ಹಲವು ಮನೆಗಳಿಗೆ ಹಂಚುತ್ತದೆ. ಆ ಡಬ್ಬಿಗೆ ಕರೆಂಟೂ ಬೇಡ, ಬುದ್ಧಿಯೂ ಇಲ್ಲ. ಎಲ್ಲ ಮನೆಗಳೂ ಒಟ್ಟಿಗೆ ಮೇಲಕ್ಕೆ ಬೆಳಕು ಬಿಟ್ಟರೆ ಎಲ್ಲವೂ ಕಲಸಿ ಹೋಗುತ್ತದೆ. ಆದ್ದರಿಂದ ಅತ್ತ ಕಡೆಯ ಯಂತ್ರ 125 ಮೈಕ್ರೋಸೆಕೆಂಡಿನ ಚೌಕಟ್ಟಿನೊಳಗೆ ಮನೆಮನೆಗೂ ಸರದಿ ಕೊಡುತ್ತದೆ, ನಿನ್ನ ಬರ್ಸ್ಟ್ ಈಗ, ಅವರದ್ದು ಆಮೇಲೆ ಎಂದು. ಸರದಿ ತಪ್ಪಬಾರದೆಂದರೆ ಯಾವ ಮನೆ ಎಷ್ಟು ದೂರ ಎಂದು ಗೊತ್ತಿರಬೇಕು. ಅದಕ್ಕೆ ಹೊಸದಾಗಿ ಜೋಡಿಸಿದ ಮನೆಯನ್ನು ಮೊದಲು ಕೂಗಿ ನೋಡುತ್ತದೆ. ಕೂಗು ಹೋಗಿ ಮಾರುತ್ತರ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ.

ಹುಡುಗ ಬೆಸುಗೆಯನ್ನು ಡಬ್ಬಿಯೊಳಗೆ ಮಡಚಿಟ್ಟು ಮುಚ್ಚಳ ಹಾಕಿದ. ನಾನು ಒಳಗೆ ಓಡಿ ಇಂಟರ್ನೆಟ್ ಪೆಟ್ಟಿಗೆಯ ಮುಂದೆ ನಿಂತೆ. ಪಾನ್ (PON, ಹೀಗೆ ಹಂಚುವ ಫೈಬರ್ ಜಾಲದ ಹೆಸರು) ಎಂದು ಬರೆದ ಹಸಿರು ದೀಪ ಮಿಟುಕತೊಡಗಿತ್ತು. ಎಲ್ಲೋ ಒಂದು ಯಂತ್ರ ನಮ್ಮ ಮನೆ ಎಷ್ಟು ಮೈಕ್ರೋಸೆಕೆಂಡು ದೂರ ಎಂದು ಅಳೆಯುತ್ತಿತ್ತು.

"ಬಂತೋ?" ಚಾವಡಿಯಿಂದ ಅಪ್ಪ ಕೇಳಿದರು.

"ಬೈಂದಿಲ್ಲೆ" ಎಂದೆ.